ಬೇರೆ ಆಟದಿಂದ ಬಂದ ಅತಿಥಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದು ವಿಡಿಯೋ ಗೇಮಿನ ಪಾತ್ರ ಇನ್ನೊಂದು ಗೇಮಿನಲ್ಲಿ ಕಾಣಿಸಿಕೊಳ್ಳುವುದರ ಬಗ್ಗೆ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳು ದೀರ್ಘವಾಗಿದ್ದುದರಿಂದ ಪ್ರಶ್ನೆಯ ಭಾಗವನ್ನಷ್ಟೇ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ರಜೆಗೆ ಬಂದಿದ್ದ ಮೊಮ್ಮಗ ಟಿವಿಯಲ್ಲಿ ಗೇಮ್ ಆಡುತ್ತಿದ್ದವನು, ಮೂಲೆಯಲ್ಲಿ ಯಾವುದೋ ಪಾತ್ರ ಒಂದು ಗಳಿಗೆ ಕಂಡಿತೆಂದು ಕುಣಿದಾಡಿಬಿಟ್ಟ. ಅದು ಬೇರೆ ಗೇಮಿನ ಪಾತ್ರವಂತೆ. ಅದು ಇಲ್ಲಿಗೇಕೆ ಬರಬೇಕು? ಬಂದರೆ ಅಷ್ಟೊಂದು ಸಂಭ್ರಮಪಡುವಂಥದ್ದೇನಿದೆ?
(ನಿವೃತ್ತ ಶಿಕ್ಷಕರು, ಮಧುಗಿರಿ)

ಸೌಗಂಧಿಕಾ ಪುಷ್ಪವನ್ನು ಹುಡುಕಿಕೊಂಡು ಹೊರಟ ಭೀಮನ ದಾರಿಗೆ ಅಡ್ಡಲಾಗಿ ಬಾಲ ಚಾಚಿ ಮಲಗಿದ್ದ ಮುದಿ ಕಪಿ ಯಾರೆಂಬುದು ಭೀಮನಿಗಿಂತ ಮೊದಲೇ ಕೇಳುಗರಿಗೆ ಗೊತ್ತಾಗಿಬಿಡುತ್ತದೆ. ರಾಮನ ಕಥೆಯನ್ನು ಕೇಳದವರಿಗೂ ಆ ಪ್ರಸಂಗ ಅರ್ಥವಾಗುತ್ತದೆ, ಆದರೆ ಕೇಳಿದವರಿಗೆ ಮಾತ್ರ ಮೈ ಜುಮ್ಮೆನ್ನುತ್ತದೆ. ತಮ್ಮ ಮೊಮ್ಮಗನ ಕುಣಿತವೂ ಅದೇ ಜಾತಿಯದು.

ವಿಡಿಯೋ ಗೇಮುಗಳಲ್ಲಿ ಈ ಅತಿಥಿ ಪಾತ್ರಗಳ ಪದ್ಧತಿ ಹೆಚ್ಚಾಗಿ ಒಂದೇ ಕಂಪನಿಯ ಒಳಗಿನ ತಮಾಷೆಯಾಗಿ ಬೆಳೆಯಿತು. ಜಪಾನಿನ ನಿಂಟೆಂಡೊ ಕಂಪನಿಯು 1987ರಲ್ಲಿ ಹೊರತಂದ ‘ಪಂಚ್-ಔಟ್’ ಎಂಬ ಬಾಕ್ಸಿಂಗ್ ಗೇಮಿನಲ್ಲಿ ರೆಫರಿಯಾಗಿ ನಿಂತವನು ಅದೇ ಕಂಪನಿಯ ಬೇರೆ ಗೇಮುಗಳ ನಾಯಕ ಮಾರಿಯೋ. 1991ರಲ್ಲಿ ನಗರ ಕಟ್ಟುವ ‘ಸಿಮ್‌ಸಿಟಿ’ ಗೇಮು ನಿಂಟೆಂಡೊ ಯಂತ್ರಕ್ಕೆ ಬಂದಾಗ, ನಗರದ ಜನಸಂಖ್ಯೆ 5 ಲಕ್ಷ ಮುಟ್ಟಿದರೆ ಮಾರಿಯೋನ ಪ್ರತಿಮೆಯೊಂದು ಬಹುಮಾನವಾಗಿ ಸಿಗುತ್ತಿತ್ತು. 1996ರ ‘ಸೂಪರ್ ಮಾರಿಯೋ ಆರ್‌ಪಿಜಿ’ಯಲ್ಲಂತೂ ‘ಜೆಲ್ಡಾ’ ಸರಣಿಯ ನಾಯಕ ಲಿಂಕ್ ಒಂದು ಊರಿನ ಛತ್ರದಲ್ಲಿ ಹಾಸಿಗೆಯ ಮೇಲೆ ನಿದ್ದೆ ಹೋಗಿರುತ್ತಾನೆ. ಅವನನ್ನು ಮಾತನಾಡಿಸಹೋದರೆ ಉತ್ತರ ಬರುವುದಿಲ್ಲ, ಜೆಲ್ಡಾ ಗೇಮಿನಲ್ಲಿ ಗುಟ್ಟೊಂದು ಬಯಲಾದಾಗ ಕೇಳಿಬರುವ ನಾದವಷ್ಟೇ ಮೊಳಗುತ್ತದೆ. ಗೇಮು ಅದನ್ನು ವಿವರಿಸುವುದಿಲ್ಲ, ನಿಮ್ಮ ಆಟವನ್ನು ನಿಲ್ಲಿಸುವುದೂ ಇಲ್ಲ. ಗುರುತು ಸಿಕ್ಕಿದವರು ನಗುತ್ತಾರೆ, ಸಿಗದವರು ಛತ್ರದಲ್ಲಿ ಯಾರೋ ಮಲಗಿದ್ದಾರೆಂದು ಮುಂದೆ ಹೋಗುತ್ತಾರೆ. ಅತಿಥಿ ಪಾತ್ರ ಹೀಗಿದ್ದರೇ ಚೆನ್ನ ಎಂಬುದು ನನ್ನ ಅಭಿಪ್ರಾಯ.

ಎರಡು ಸರಣಿಗಳ ಪಾತ್ರಗಳು ಸರಿಸಮನಾಗಿ ಬಂದು ಇಡೀ ಗೇಮಿನುದ್ದಕ್ಕೂ ಒಟ್ಟಿಗೆ ಇರುವುದು ಬೇರೆಯದೇ ವಿಷಯ. ಅದನ್ನು ಆಡುವವರು ಕ್ರಾಸ್‌ಓವರ್ ಎನ್ನುತ್ತಾರೆ, ಅದರ ಮಾತು ಮುಂದೆ ಬರುತ್ತದೆ.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ನಮ್ಮ ಮನೆಯಲ್ಲಿ ಟಿವಿ ಗೇಮ್ ಇತ್ತು. ಅದರ ಒಂದು ಕ್ಯಾಸೆಟ್‌ನಲ್ಲಿ ಸೋನಿಕ್‌ನ ಹಸಿರು ಗುಡ್ಡಗಳ ಮೇಲೆ ಮಾರಿಯೋ ಚೆಂಡಿನಂತೆ ಉರುಳುತ್ತಾ ಓಡುತ್ತಿದ್ದ. ಈಗ ಹೇಳಿದರೆ ಅಂಥ ಗೇಮೇ ಇಲ್ಲ, ನಿನಗೆ ಭ್ರಮೆ ಎಂದು ಸ್ನೇಹಿತರು ನಗುತ್ತಾರೆ.
(ಓದುಗರು, ಚಿಂತಾಮಣಿ)

ಭ್ರಮೆಯಲ್ಲ. ಅದು 1994ರಲ್ಲಿ ಬಂದ ‘ಸೊಮಾರಿ’ ಎಂಬ ಕಳ್ಳ ಗೇಮು. ನಿಂಟೆಂಡೊದ ಮಾರಿಯೋನನ್ನು ಸೆಗಾ ಕಂಪನಿಯು 1991ರಲ್ಲಿ ಹೊರತಂದ ಸೋನಿಕ್ ಗೇಮಿನ ಹಂತಗಳೊಳಗೆ ತಂದು ನಿಲ್ಲಿಸಿದವರು ಇಬ್ಬರ ಅನುಮತಿಯನ್ನೂ ಪಡೆದಿರಲಿಲ್ಲ. ನಮ್ಮಲ್ಲಿ ಆಗ ಮಾರಾಟವಾಗುತ್ತಿದ್ದ ಅಗ್ಗದ ಟಿವಿ ಗೇಮುಗಳಲ್ಲಿ ಬಹುಪಾಲು ನಿಂಟೆಂಡೊದ 1983ರ ಫ್ಯಾಮಿಕಾಮ್ ಯಂತ್ರದ ನಕಲುಗಳಾಗಿದ್ದವು. ಹೀಗಾಗಿ ಆ ಯಂತ್ರಕ್ಕೆಂದು ತಯಾರಾದ ಕಳ್ಳ ಕ್ಯಾಸೆಟ್‌ಗಳೂ ಅವುಗಳಲ್ಲಿ ಸಲೀಸಾಗಿ ಓಡುತ್ತಿದ್ದವು. ‘9999 ಗೇಮುಗಳು’ ಎಂದು ಮೇಲೆ ಅಚ್ಚಾಗಿರುತ್ತಿದ್ದ, ಒಳಗೆ ಹತ್ತಿಪ್ಪತ್ತೇ ಗೇಮುಗಳು ಮತ್ತೆ ಮತ್ತೆ ಬರುತ್ತಿದ್ದ ಕ್ಯಾಸೆಟ್‌ಗಳನ್ನು ತಾವೂ ಮರೆತಿರಲಾರಿರಿ.

ಅಧಿಕೃತವಾಗಿ ಇವರಿಬ್ಬರೂ ಒಂದೇ ಗೇಮಿನಲ್ಲಿ ಸೇರಲು 2007ರವರೆಗೆ ಕಾಯಬೇಕಾಯಿತು. ತೊಂಬತ್ತರ ದಶಕದಲ್ಲಿ ಅದು ಊಹೆಗೂ ನಿಲುಕದ ಮಾತಾಗಿತ್ತು, ಏಕೆಂದರೆ ನಿಂಟೆಂಡೊ ಮತ್ತು ಸೆಗಾ ಎರಡೂ ಸ್ವಂತ ಯಂತ್ರಗಳನ್ನು ಮಾರುತ್ತಿದ್ದ ಹಾಗೂ ಜಾಹೀರಾತುಗಳಲ್ಲಿ ನೇರವಾಗಿ ಜಗಳಕ್ಕಿಳಿದಿದ್ದ ಕಂಪನಿಗಳು. ನಿಂಟೆಂಡೊಗಾಗಿ ಬ್ರಿಟನ್ನಿನ ರೇರ್ ಕಂಪನಿ 1995ರಲ್ಲಿ ತಯಾರಿಸಿದ ‘ಡಾಂಕಿ ಕಾಂಗ್ ಕಂಟ್ರಿ 2’ ಗೇಮಿನ ಕೊನೆಯಲ್ಲಿ ವೀರರ ಸಾಲೊಂದು ಬರುತ್ತದೆ. ಮಾರಿಯೋ, ಯೋಶಿ, ಲಿಂಕ್ ಪೀಠಗಳ ಮೇಲೆ ನಿಂತಿರುತ್ತಾರೆ. ಪಕ್ಕದ ಕಸದ ಡಬ್ಬಿಯ ಬಳಿ, ಪ್ರಯೋಜನಕ್ಕೆ ಬಾರದವರು ಎಂಬರ್ಥದ ಫಲಕದ ಕೆಳಗೆ ಸೋನಿಕ್‌ನ ಕೆಂಪು ಬೂಟುಗಳು ಬಿದ್ದಿರುತ್ತವೆ. ಎದುರಾಳಿಯ ಪಾತ್ರವನ್ನು ತೋರಿಸದೆಯೇ ಅವನ ಬೂಟುಗಳಿಂದ ಅವಮಾನಿಸುವ ಈ ಚಾತುರ್ಯ ನನಗೆ ಇಂದಿಗೂ ಇಷ್ಟ. ಸೆಗಾ 2001ರಲ್ಲಿ ತನ್ನ ಡ್ರೀಮ್‌ಕಾಸ್ಟ್ ಯಂತ್ರದ ತಯಾರಿಕೆಯನ್ನು ನಿಲ್ಲಿಸಿ, ಬೇರೆಯವರ ಯಂತ್ರಗಳಿಗೆ ಗೇಮುಗಳನ್ನು ಮಾಡಿಕೊಡತೊಡಗಿದ ಮೇಲೆ ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಬೀಜಿಂಗ್ ಒಲಿಂಪಿಕ್ಸ್‌ನ ನೆಪದಲ್ಲಿ ಇಬ್ಬರೂ ಒಂದೇ ಮೈದಾನದಲ್ಲಿ ಓಡಿದರು, ಆ ಗೇಮನ್ನು ತಯಾರಿಸಿದ್ದೂ ಸೆಗಾ ಕಂಪನಿಯೇ.

ಪ್ರಶ್ನೆ: ಮಾರಿಯೋ ಅಥವಾ ಲಿಂಕ್‌ನಂಥ ಪಾತ್ರಗಳು ಕೋಟ್ಯಂತರ ರೂಪಾಯಿಯ ಆಸ್ತಿ. ಅವನ್ನು ಬೇರೆ ಕಂಪನಿಯ ಗೇಮಿಗೆ ಬಿಟ್ಟುಕೊಡಲು ಮಾಲೀಕರು ಏಕೆ ಒಪ್ಪುತ್ತಾರೆ? ಎಲ್ಲವೂ ಹಣದ ಲೆಕ್ಕಾಚಾರವೇ?
(ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಹಣವಿಲ್ಲದೆ ಇಂಥ ಕೆಲಸ ನಡೆಯುವುದಿಲ್ಲ, ಆದರೆ ಎಷ್ಟೋ ಪ್ರಸಂಗಗಳಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಸ್ನೇಹ, ಪೈಪೋಟಿ ಅಥವಾ ಕೇವಲ ಅಕ್ಕಪಕ್ಕದ ವಾಸ. ಅಮೆರಿಕದ ಡಿಸ್ನಿ ಮತ್ತು ಜಪಾನಿನ ಸ್ಕ್ವೇರ್ ಕಂಪನಿಗಳು ಸೇರಿ 2002ರಲ್ಲಿ ತಂದ ‘ಕಿಂಗ್‌ಡಮ್ ಹಾರ್ಟ್ಸ್’ ಗೇಮಿನ ಮೂಲವನ್ನು ಅದರ ನಿರ್ಮಾಪಕ ಶಿಂಜಿ ಹಶಿಮೊಟೊ ಹೇಳಿಕೊಂಡಿದ್ದಾರೆ. ಎರಡೂ ಕಂಪನಿಗಳ ಕಚೇರಿಗಳು ಆಗ ಜಪಾನಿನಲ್ಲಿ ಒಂದೇ ಕಟ್ಟಡದಲ್ಲಿದ್ದವು, ಲಿಫ್ಟಿನಲ್ಲಿ ಡಿಸ್ನಿಯ ಅಧಿಕಾರಿಯೊಬ್ಬರು ಸಿಕ್ಕಾಗ ಮಾತು ಶುರುವಾಯಿತು. ಲಿಫ್ಟಿನಲ್ಲಿ ಮಾತು ಶುರುವಾದರೂ ಮುಗಿಯಬೇಕಾದದ್ದು ಕರಾರುಪತ್ರದಲ್ಲಿ. ಡೊನಾಲ್ಡ್ ಮತ್ತು ಗೂಫಿ ನಾಯಕನ ಜೊತೆಗೆ ಇಡೀ ಗೇಮಿನಲ್ಲಿ ಓಡಾಡಿದರೂ, ಡಿಸ್ನಿಯ ಮನೆದೇವರಾದ ಮಿಕ್ಕಿ ಮೊದಲ ಭಾಗದಲ್ಲಿ ಕಾಣುವುದು ಕಟ್ಟಕಡೆಗೆ, ಅದೂ ಕ್ಷಣಮಾತ್ರ.

ಹೀಗೆ ಕರಾರಿನ ಗೆರೆಗಳು ತೆರೆಯ ಮೇಲೆ ಕಣ್ಣಿಗೆ ಬೀಳುವಂತೆ ಮೂಡುವುದನ್ನು ಗಮನಿಸುವುದೇ ಒಂದು ಸ್ವಾರಸ್ಯ. ಅದೇ ಗೇಮಿನ ನಾಯಕ ಸೋರಾ 2021ರ ಅಕ್ಟೋಬರಿನಲ್ಲಿ ನಿಂಟೆಂಡೊದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ ಗೇಮಿಗೆ ಅತಿಥಿಯಾಗಿ ಬಂದಾಗ ಡೊನಾಲ್ಡ್ ಇರಲಿಲ್ಲ, ಗೂಫಿಯೂ ಇರಲಿಲ್ಲ. ಅವನ ಆಯುಧಕ್ಕೆ ತೂಗುಹಾಕಿದ ಕೀಚೈನಿನಲ್ಲಿ ಮಿಕ್ಕಿಯ ತಲೆಯ ಆಕಾರ ಮಾತ್ರ ಉಳಿದಿತ್ತು.

ಈ ಸ್ಮ್ಯಾಶ್ ಬ್ರದರ್ಸ್ ಸರಣಿಯ ಹುಟ್ಟೂ ಹೇಳಬೇಕಾದಂಥದ್ದೇ. ಎಚ್‌ಎಎಲ್ ಎಂಬ ಸಂಸ್ಥೆಯಲ್ಲಿದ್ದ ಮಸಾಹಿರೊ ಸಕುರಾಯ್ ಅವರು, ಮುಂದೆ ನಿಂಟೆಂಡೊದ ಅಧ್ಯಕ್ಷರಾದ ಸಟೊರು ಇವಾಟಾ ಅವರೊಂದಿಗೆ ಸೇರಿ ಮೊದಲು ತಯಾರಿಸಿದ್ದು ಯಾವ ಪರಿಚಿತ ಪಾತ್ರವೂ ಇಲ್ಲದ ಒಂದು ಹೊಡೆದಾಟದ ಗೇಮಿನ ಮಾದರಿಯನ್ನು. ಮುಖವಿಲ್ಲದ ಗೊಂಬೆಗಳು ಕಾದಾಡಿದರೆ ಮನೆಯಲ್ಲಿ ಕುಳಿತು ಆಡುವವನಿಗೆ ಯಾರ ಪರ ನಿಲ್ಲಬೇಕೆಂದೇ ತಿಳಿಯುವುದಿಲ್ಲ ಎಂದುಕೊಂಡ ಸಕುರಾಯ್, ನಿಂಟೆಂಡೊದ ಪಾತ್ರಗಳನ್ನು ಮಾದರಿಗೆ ಸೇರಿಸಿ, ಗೇಮು ಒಂದು ಹದಕ್ಕೆ ಬಂದ ಮೇಲೆಯೇ ಕಂಪನಿಯ ಮುಂದಿಟ್ಟರು. 1999ರಲ್ಲಿ 12 ಪಾತ್ರಗಳೊಂದಿಗೆ ಆರಂಭವಾದ ಆ ಸರಣಿ ಸೋರಾ ಬರುವ ಹೊತ್ತಿಗೆ 89 ಪಾತ್ರಗಳನ್ನು ಮುಟ್ಟಿತ್ತು. ಹೊರಗಿನ ಕಂಪನಿಗಳ ಪಾತ್ರಗಳು ಆಡಲು ಸಿಕ್ಕಿದ್ದು 2008ರ ‘ಬ್ರಾಲ್’ ಭಾಗದಿಂದ: ಒಬ್ಬ ಸೋನಿಕ್, ಇನ್ನೊಬ್ಬ ‘ಮೆಟಲ್ ಗೇರ್’ ಸರಣಿಯ ಸ್ನೇಕ್. ಸ್ನೇಕ್‌ನನ್ನು ಸೇರಿಸಿಕೊಳ್ಳಿ ಎಂದು ಅವನ ಸೃಷ್ಟಿಕರ್ತ ಹಿಡಿಯೊ ಕೊಜಿಮಾ ಅವರೇ 2001ರ ಭಾಗ ತಯಾರಾಗುತ್ತಿದ್ದಾಗ ಸಕುರಾಯ್ ಅವರನ್ನು ಕೇಳಿಕೊಂಡಿದ್ದರು. ಆಗ ಕೆಲಸ ಬಹಳ ಮುಂದೆ ಹೋಗಿದ್ದರಿಂದ ಆಗಲಿಲ್ಲ.

ಪೈಪೋಟಿಯಿಂದ ಹುಟ್ಟಿದ ಅತಿಥಿಗಳ ಕಥೆ ಇದಕ್ಕಿಂತ ರಂಜಕವಾದದ್ದು. ಕ್ಯಾಪ್‌ಕಾಮ್ ಕಂಪನಿಯ 1987ರ ‘ಸ್ಟ್ರೀಟ್ ಫೈಟರ್’ ಗೇಮನ್ನು ನಿರ್ದೇಶಿಸಿದ ತಕಾಶಿ ನಿಶಿಯಾಮಾ ಮುಂದೆ ಎದುರಾಳಿಯಾದ ಎಸ್‌ಎನ್‌ಕೆ ಕಂಪನಿಗೆ ಹೋಗಿ ‘ಫೇಟಲ್ ಫ್ಯೂರಿ’ ಸರಣಿಯನ್ನು ಆರಂಭಿಸಿದರು. ಅದರ ಬೆನ್ನಿಗೆ ಎಸ್‌ಎನ್‌ಕೆಯಿಂದ 1992ರಲ್ಲಿ ‘ಆರ್ಟ್ ಆಫ್ ಫೈಟಿಂಗ್’ ಬಂತು. ಅದರ ವೀರರು ತಮ್ಮ ಸ್ಟ್ರೀಟ್ ಫೈಟರ್ ನಾಯಕರಾದ ರ‍್ಯೂ ಮತ್ತು ಕೆನ್‌ರನ್ನು ಹೋಲುತ್ತಿದ್ದಾರೆಂದು ಕಂಡ ಕ್ಯಾಪ್‌ಕಾಮಿನವರು ನ್ಯಾಯಾಲಯಕ್ಕೆ ಹೋಗದೆ, 1995ರಲ್ಲಿ ಡ್ಯಾನ್ ಎಂಬ ಗುಲಾಬಿ ಬಣ್ಣದ ಉಡುಪಿನ ಹೋರಾಟಗಾರನನ್ನು ಹುಟ್ಟಿಸಿದರು. ಅವನ ಮುಖ ಮತ್ತು ಜುಟ್ಟು ಎಸ್‌ಎನ್‌ಕೆಯ ಒಬ್ಬ ವೀರನದು, ಹೊಡೆತಗಳು ಇನ್ನೊಬ್ಬನವು. ಅವನು ಕೈಯಿಂದ ಎಸೆಯುವ ಬೆಂಕಿಯ ಉಂಡೆಯಾದರೋ ಒಂದು ಮಾರು ದೂರ ಹೋಗುವಷ್ಟರಲ್ಲಿ ಆರಿಹೋಗುತ್ತದೆ. ಇಷ್ಟೆಲ್ಲ ಲೇವಡಿ ಮಾಡಿಕೊಂಡವರು 2000ದಲ್ಲಿ ‘ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ’ ಎಂಬ ಗೇಮಿನಲ್ಲಿ ಅಧಿಕೃತವಾಗಿ ಕೈಮಿಲಾಯಿಸಿದರು. 2024ರ ಸೆಪ್ಟೆಂಬರಿನಲ್ಲಿ ಫೇಟಲ್ ಫ್ಯೂರಿಯ ನಾಯಕ ಟೆರ‍್ರಿ ‘ಸ್ಟ್ರೀಟ್ ಫೈಟರ್ 6’ಕ್ಕೇ ಬಂದು ಸೇರಿದ.

ಶುದ್ಧ ವ್ಯಾಪಾರದ ಉದಾಹರಣೆ ಬೇಕಿದ್ದರೆ ನಾಮ್ಕೊ ಕಂಪನಿಯ ‘ಸೋಲ್‌ಕ್ಯಾಲಿಬರ್ 2’ ಇದೆ. 2003ರಲ್ಲಿ ಮನೆಯ ಯಂತ್ರಗಳಿಗೆ ಬಂದಾಗ ಗೇಮ್‌ಕ್ಯೂಬ್ ಯಂತ್ರದಲ್ಲಿ ಲಿಂಕ್, ಪ್ಲೇಸ್ಟೇಷನ್ 2ರಲ್ಲಿ ‘ಟೆಕ್ಕೆನ್’ ಸರಣಿಯ ಹೆಯ್‌ಹಾಚಿ, ಎಕ್ಸ್‌ಬಾಕ್ಸ್‌ನಲ್ಲಿ ಕಾಮಿಕ್ಸ್ ಪಾತ್ರ ಸ್ಪಾನ್ ಎಂದು ಒಂದೇ ಗೇಮಿನ ಮೂರು ಆವೃತ್ತಿಗಳಿಗೆ ಮೂವರು ಬೇರೆ ಬೇರೆ ಅತಿಥಿಗಳಿದ್ದರು. ಇಂಥ ಒಪ್ಪಂದಗಳಿಗೆ ಅವಧಿಯೂ ಉಂಟು, ಯಂತ್ರದ ಮಿತಿಯೂ ಉಂಟು. ಅದೇ ಗೇಮು 2013ರಲ್ಲಿ ಬೇರೆ ಯಂತ್ರಗಳಿಗೆ ಮರಳಿ ಬಂದಾಗ ಹೆಯ್‌ಹಾಚಿ ಮತ್ತು ಸ್ಪಾನ್ ಇದ್ದರು, ಲಿಂಕ್ ಇರಲಿಲ್ಲ. ಅದೇ ವರ್ಷದ ಕೊನೆಗೆ, ಮಾರ್ವೆಲ್ ಜೊತೆಗಿನ ಪರವಾನಗಿ ಮುಗಿದದ್ದರಿಂದ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2’ ಆನ್‌ಲೈನ್ ಅಂಗಡಿಗಳಿಂದಲೇ ಮಾಯವಾಯಿತು. ಕ್ರಾಸ್‌ಓವರ್ ಗೇಮುಗಳನ್ನು ಇಷ್ಟಪಡುವವರು ಡಿಸ್ಕನ್ನು ಜೋಪಾನ ಮಾಡುವುದು ಇದಕ್ಕಾಗಿಯೇ.

ಪ್ರಶ್ನೆ: ‘ಮೆಟಲ್ ಗೇರ್ ಸಾಲಿಡ್’ನಲ್ಲಿ ಒಬ್ಬ ಖಳನಾಯಕ ನಾನು ಬೇರೆ ಯಾವ ಗೇಮುಗಳನ್ನು ಆಡಿದ್ದೇನೆಂದು ಹೇಳಿಬಿಟ್ಟಿದ್ದ. ಅದು ಹೇಗೆ ಸಾಧ್ಯ?
(ಓದುಗರು, ಶಿರಾ)

1998ರ ಆ ಗೇಮಿನಲ್ಲಿ ಮನಸ್ಸನ್ನು ಓದುತ್ತೇನೆಂದು ಹೇಳಿಕೊಳ್ಳುವ ಸೈಕೊ ಮ್ಯಾಂಟಿಸ್ ಓದುತ್ತಿದ್ದುದು ನಿಮ್ಮ ಮೆಮೊರಿ ಕಾರ್ಡನ್ನು. ಪ್ಲೇಸ್ಟೇಷನ್‌ನ ಮೆಮೊರಿ ಕಾರ್ಡಿನಲ್ಲಿ 15 ಖಾನೆಗಳಿದ್ದವು. ಯಾವುದೇ ಗೇಮು ತನ್ನ ಪ್ರಗತಿಯನ್ನು ಉಳಿಸಿದಾಗ ಅದರ ಕಡತದ ಹೆಸರಿನಲ್ಲಿ ಆ ಗೇಮಿನ ಉತ್ಪನ್ನ ಸಂಖ್ಯೆಯೂ ಸೇರಿರುತ್ತಿತ್ತು. ತನ್ನ ಒಡೆಯನಾದ ಕೊನಾಮಿ ಕಂಪನಿಯ ‘ಕ್ಯಾಸಲ್‌ವೇನಿಯಾ’, ‘ಸುಯ್ಕೊಡೆನ್’ ಮುಂತಾದ ಗೇಮುಗಳ ಸಂಖ್ಯೆ ಕಂಡರೆ ಆ ಹೆಸರು ಹೇಳಬೇಕೆಂದು ಮೊದಲೇ ಬರೆದಿಟ್ಟಿದ್ದರು, ಅಷ್ಟೆ. ಪಟ್ಟಿಯಲ್ಲಿಲ್ಲದ ಗೇಮುಗಳ ಬಗ್ಗೆ ಮಾಂತ್ರಿಕನಿಗೆ ಏನೂ ತಿಳಿಯುತ್ತಿರಲಿಲ್ಲ. 2004ರಲ್ಲಿ ಅದೇ ಗೇಮು ನಿಂಟೆಂಡೊ ಯಂತ್ರಕ್ಕೆ ಹೊಸ ರೂಪದಲ್ಲಿ ಬಂದಾಗ ಅವನು ನಿಂಟೆಂಡೊದ ಗೇಮುಗಳ ಹೆಸರು ಹೇಳಲು ಕಲಿತಿದ್ದ.

ಪ್ರಶ್ನೆ: ಒಂದು ಗೇಮಿನ ಪಾತ್ರ ಇನ್ನೊಂದರಲ್ಲಿ ಕಂಡರೆ ಎರಡರ ಕಥೆಯೂ ಒಂದೇ ಲೋಕದಲ್ಲಿ ನಡೆಯುತ್ತದೆ ಎಂದು ಅರ್ಥವೇ? ಈ ಬಗ್ಗೆ ನಮ್ಮ ಹಾಸ್ಟೆಲಿನಲ್ಲಿ ದೊಡ್ಡ ವಾಗ್ವಾದ ನಡೆದಿದೆ.
(ಕಾಲೇಜು ವಿದ್ಯಾರ್ಥಿಗಳು, ಬಂಗಾರಪೇಟೆ)

ಬಹಳಷ್ಟು ಸಲ ಇಲ್ಲ. ಕಥೆಯ ಮುಂದಿನ ಘಟನೆಗಳು ಆ ಉಲ್ಲೇಖದ ಮೇಲೆ ನಿಂತಿವೆಯೇ ಎಂಬುದನ್ನು ನೋಡಿದರೆ ವಾಗ್ವಾದ ಬಗೆಹರಿಯುತ್ತದೆ. ವಾಲ್ವ್ ಕಂಪನಿಯ ‘ಹಾಫ್-ಲೈಫ್’ ಮತ್ತು ‘ಪೋರ್ಟಲ್’ ಸರಣಿಗಳ ಲೋಕ ನಿಜವಾಗಿಯೂ ಒಂದೇ. ಹಾಫ್-ಲೈಫ್‌ನ 2007ರ ಭಾಗದಲ್ಲಿ ಬೋರಿಯಾಲಿಸ್ ಎಂಬ ಕಾಣೆಯಾದ ಹಡಗನ್ನು ಹುಡುಕುವುದೇ ಮುಂದಿನ ಗುರಿ, ಆ ಹಡಗು ಪೋರ್ಟಲ್‌ನ ಅಪರ್ಚರ್ ಸಂಸ್ಥೆಯದು. 2011ರ ‘ಪೋರ್ಟಲ್ 2’ರಲ್ಲಿ ಅದು ನಿಂತಿದ್ದ ಕಟ್ಟೆ ಬರಿದಾಗಿ ಕಾಣಸಿಗುತ್ತದೆ. ‘ಡೂಮ್ 2’ರ ಗುಪ್ತ ಹಂತದ ಪ್ರಸಂಗ ಬೇರೆ. 1994ರ ಆ ಗೇಮಿನಲ್ಲಿ ಇಡ್ ಸಾಫ್ಟ್‌ವೇರ್ ಕಂಪನಿಯು ತನ್ನದೇ ಹಳೆಯ ಮಕ್ಕಳ ಗೇಮಿನ ನಾಯಕ ಕಮಾಂಡರ್ ಕೀನ್‌ನ ನಾಲ್ಕು ಪ್ರತಿಗಳನ್ನು ನೇತುಹಾಕಿದೆ. ಅವನ್ನು ಗುಂಡಿಟ್ಟು ಕೊಂದರಷ್ಟೇ ಹೊರಗಿನ ಬಾಗಿಲು ತೆರೆಯುತ್ತದೆ. ಇದರಿಂದ ಕೀನ್‌ನ ಕಥೆ ಹೀಗೆ ಕೊನೆಗೊಂಡಿತೆಂದು ಯಾರೂ ತಿಳಿಯಬೇಕಿಲ್ಲ, ಅದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ಕರಾಳ ಹಾಸ್ಯ.

ಇವೆರಡರ ನಡುವೆ ನಿಲ್ಲುವ ಜಾಣತನವೂ ಇದೆ. 2015ರ ‘ವಿಚರ್ 3’ರಲ್ಲಿ ಲೋಕದಿಂದ ಲೋಕಕ್ಕೆ ದಾಟಬಲ್ಲ ಸಿರಿ ಎಂಬ ಹುಡುಗಿ, ಜನರು ತಲೆಯೊಳಗೆ ಲೋಹ ಹಾಕಿಸಿಕೊಳ್ಳುವ ಒಂದು ಲೋಕವನ್ನು ಕಂಡಿದ್ದೆನೆನ್ನುತ್ತಾಳೆ. ವಿಚರ್ ತಯಾರಿಸಿದ ಕಂಪನಿಯದೇ 2020ರ ‘ಸೈಬರ್‌ಪಂಕ್ 2077’ರ ಲೋಕ ಅಂಥದ್ದೇ, ಅಲ್ಲಿನ ಪತ್ರಿಕೆಯೊಂದರ ಮುಖಪುಟದಲ್ಲಿ ಸಿರಿಯ ಚಿತ್ರವೂ ಇದೆ. ಹೌದೆನ್ನುವವರಿಗೂ ಅಲ್ಲವೆನ್ನುವವರಿಗೂ ಒಂದೊಂದು ಹಿಡಿ ಸಾಕ್ಷ್ಯ ಕೊಟ್ಟು ಕಂಪನಿ ಸುಮ್ಮನಾಗಿದೆ. ನಿಮ್ಮ ಹಾಸ್ಟೆಲಿನ ಜಗಳ ಇದರ ಬಗ್ಗೆಯೇ ಆಗಿದ್ದರೆ ಅದು ಇನ್ನೂ ಕೆಲವು ವರ್ಷ ಮುಂದುವರಿಯಬಹುದು.

ಪ್ರಶ್ನೆ: ಮಗ ಮೊಬೈಲ್ ಗೇಮಿನಲ್ಲಿ ಯಾವುದೋ ಕಾರ್ಟೂನಿನ ವೇಷ ಬಂದಿದೆ, ಇನ್ನು ಕೆಲವೇ ದಿನ ಸಿಗುತ್ತದೆ ಎಂದು ಹಣ ಕೇಳುತ್ತಾನೆ. ಕೊಡಬೇಕೇ?
(ತಾಯಿಯೊಬ್ಬರು, ಕೋಲಾರ)

ಮೊದಲು ‘ಪಬ್‌ಜಿ’, ಅದನ್ನು 2020ರಲ್ಲಿ ನಿಷೇಧಿಸಿದ ಬಳಿಕ 2021ರಿಂದ ‘ಬಿಜಿಎಂಐ’ ಎಂದು ನಮ್ಮ ಮಕ್ಕಳು ಆಡುತ್ತಿರುವ ಗೇಮುಗಳಲ್ಲಿ ಅತಿಥಿಗಳೆಂದರೆ ಈಗ ಹೆಚ್ಚಾಗಿ ಮಾರಾಟದ ಸರಕು. ಪಬ್‌ಜಿ 2019ರಲ್ಲಿ ‘ರೆಸಿಡೆಂಟ್ ಈವಿಲ್ 2’ರ ಜೊತೆ ಸೇರಿ ತಂದ ಸತ್ತವರ ದಾಳಿಯ ಆಟದಲ್ಲಿ ಆಡುವುದಕ್ಕೆ ಹೊಸದೇನಾದರೂ ಇತ್ತು. ವೇಷವನ್ನಷ್ಟೇ ಮಾರುವ ಒಪ್ಪಂದಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಇಂಥ ವೇಷ ನೋಟಕ್ಕೆ ಮಾತ್ರ, ಅದರಿಂದ ಮಗನ ಗುರಿ ಸುಧಾರಿಸುವುದಿಲ್ಲ. ಬೆಲೆ ನಿಗದಿಯಾಗಿದ್ದರೆ ಕೈಖರ್ಚಿನ ಮಿತಿಯೊಳಗೆ ಒಮ್ಮೆ ಕೊಡಿಸಬಹುದು. ಅದೃಷ್ಟವಿದ್ದರೆ ಮಾತ್ರ ಸಿಗುವ ಪೆಟ್ಟಿಗೆಯೊಳಗೆ ಇಟ್ಟಿದ್ದರೆ ಬೇಡವೆನ್ನಿ, ಮತ್ತು ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಂದೇ ಮಾಡಿಡಿ.

ಪ್ರಶ್ನೆ: ನಾವು ಇಬ್ಬರು ಸೇರಿ ಒಂದು ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ರೇಷ್ಮೆ ಹುಳು ಸಾಕುವ ಮನೆಯ ಹಂತದಲ್ಲಿ, ಹುಳುಗಳು ಗೂಡು ಕಟ್ಟುವ ಚಂದ್ರಿಕೆಗಳ ಹಿಂದೆ ಮಾರಿಯೋನನ್ನು ಅಡಗಿಸಬೇಕೆಂದಿದ್ದೇವೆ. ಗೇಮು ಉಚಿತ. ತೊಂದರೆಯಾಗುತ್ತದೆಯೇ?
(ಓದುಗರು, ಶಿಡ್ಲಘಟ್ಟ)

ಕಾಲೇಜಿನಲ್ಲಿ ನಾಲ್ಕು ಜನರಿಗೆ ತೋರಿಸುವುದಕ್ಕೂ ಪ್ಲೇ ಸ್ಟೋರಿಗೆ ಏರಿಸುವುದಕ್ಕೂ ಅಂತರವಿದೆ. ಏರಿಸುವುದಾದರೆ ಮಾರಿಯೋನನ್ನು ಬಿಡಿ. ಅವನ ಚಿತ್ರಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿದೆ, ಟ್ರೇಡ್‌ಮಾರ್ಕ್ ಕಾನೂನಿನ ಕಡೆಯಿಂದಲೂ ಪ್ರಶ್ನೆ ಬರಬಹುದು. ಗೇಮು ಉಚಿತವೆಂಬ ಒಂದೇ ಕಾರಣಕ್ಕೆ ಇವು ಸಡಿಲವಾಗುವುದಿಲ್ಲ. ಮಾಲೀಕರು ದೂರು ಕೊಟ್ಟರೆ ಗೇಮು ಅಂಗಡಿಯಿಂದ ಹೋಗುತ್ತದೆ, ದೂರುಗಳು ಮರುಕಳಿಸಿದರೆ ಖಾತೆಯೂ ಹೋಗಬಹುದು.

ಅತಿಥಿಯೇ ಬೇಕೆಂದಿದ್ದರೆ ನಿಮ್ಮಂತೆಯೇ ಸಣ್ಣ ತಂಡದಲ್ಲಿ ಗೇಮು ಮಾಡುವವರನ್ನು ಕೇಳಿ. 2010ರ ‘ಸೂಪರ್ ಮೀಟ್ ಬಾಯ್’ನಲ್ಲಿ ಬೇರೆ ಬೇರೆ ಸಣ್ಣ ತಂಡಗಳ ನಾಯಕರು ಆಡಲು ಸಿಗುತ್ತಿದ್ದರು. 2014ರಲ್ಲಿ ಬಂದ ‘ಶವಲ್ ನೈಟ್’ನ ಸಲಿಕೆ ಹಿಡಿದ ವೀರನಂತೂ ಅಲ್ಲಿಂದೀಚೆಗೆ ಹತ್ತಾರು ಗೇಮುಗಳ ಮನೆಗೆ ಹೋಗಿಬಂದಿದ್ದಾನೆ. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆಯಿರಿ. ಯಾವ ಪಾತ್ರ, ಯಾವ ಗೇಮಿನಲ್ಲಿ, ಯಾವ ಯಾವ ಯಂತ್ರಗಳಲ್ಲಿ, ಎಷ್ಟು ಕಾಲ, ಜಾಹೀರಾತಿನಲ್ಲೂ ಬಳಸಬಹುದೇ ಎಂಬಷ್ಟಾದರೂ ಅದರಲ್ಲಿರಲಿ. ಸೋಲ್‌ಕ್ಯಾಲಿಬರ್ ಮತ್ತೆ ಬಂದಾಗ ಲಿಂಕ್ ಇಲ್ಲವಾದ ಸಂಗತಿ ಮೇಲೆ ಬಂದಿದೆ.

ಮಾರಿಯೋಗೇ ನಮಸ್ಕಾರ ಹೇಳಬೇಕೆಂಬ ಆಸೆ ಬಲವಾಗಿದ್ದರೆ ಅವನ ಮುಖವನ್ನು ಬಿಟ್ಟು ಅವನು ಮಾಡುವ ಕೆಲಸವನ್ನು ತೆಗೆದುಕೊಳ್ಳಿ. ಕೃತಿಸ್ವಾಮ್ಯವಿರುವುದು ಕಲ್ಪನೆಗಲ್ಲ, ಅದನ್ನು ಪ್ರಕಟಿಸಿದ ರೂಪಕ್ಕೆ ಎಂದು ನಾಟಕ ಮತ್ತು ಸಿನಿಮಾದ ನಡುವಿನ ಪ್ರಕರಣವೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟು 1978ರಲ್ಲೇ ಹೇಳಿದೆ. ಮಾರಿಯೋ ಇಟ್ಟಿಗೆಯನ್ನು ಕೆಳಗಿನಿಂದ ಗುದ್ದಿ ನಾಣ್ಯ ಚಿಮ್ಮಿಸುವಂತೆ, ನಿಮ್ಮ ನಾಯಕ ಕೆಳಗಿನಿಂದ ನೆಗೆದು ತಲೆಯಿಂದ ಗುದ್ದಿದಾಗ ಚಂದ್ರಿಕೆಯಿಂದ ಒಂದು ಗೂಡು ಟಣ್ಣನೆ ಮೇಲೆ ಚಿಮ್ಮಲಿ. ಆ ಟಣ್ ಎಂಬ ಸದ್ದನ್ನು ಮಾತ್ರ ಹಳೆಯ ಗೇಮಿನಿಂದ ಕತ್ತರಿಸಿಕೊಳ್ಳದೆ ನೀವೇ ಮಾಡಿಕೊಳ್ಳಿ.